ಮೂಲೆಯ ಹಿಂದೆ ಹೋದ ಹೊತ್ತು

ನಕ್ಷೆಯಲ್ಲಿ ನಾನು ಎಳೆದ ಗೋಡೆಗಳು ಒಂದಕ್ಕೊಂದು ಕೂಡಲಿಲ್ಲ. ಎಲ್ಲ ಶುರುವಾದದ್ದು ಅಲ್ಲಿಂದ ಎಂದು ಈಗ ಅಂದುಕೊಳ್ಳುತ್ತೇನೆ. ಆದರೆ ಯಾವುದು ಎಲ್ಲಿಂದ ಶುರುವಾಯಿತು ಎಂಬ ವಿಷಯದಲ್ಲಿ ನನ್ನ ನೆನಪನ್ನು ನಾನು ಮೊದಲಿನಷ್ಟು ನಂಬುವುದಿಲ್ಲ. ಈ ಬೇಸಿಗೆಯಲ್ಲಿ ನಡೆದದ್ದನ್ನು ಇಷ್ಟು ಬೇಗ ಬರೆದಿಡುತ್ತಿರುವುದೂ ಅದಕ್ಕೇ.

ಉಗಾರ ಬುದ್ರುಕದ ನಮ್ಮ ಹಳೆಯ ಮನೆಯ ಮುಖ ಪಶ್ಚಿಮಕ್ಕೆ. ಮುಂದಿನ ಗೋಡೆಯ ನಡುಭಾಗ ರಸ್ತೆಯ ಕಡೆಗೆ ಚಾಚಿಕೊಂಡಿದೆ: ಎದುರಿಗೆ ಒಂದು ನೇರ ಗೋಡೆ, ಅದರ ಎಡಕ್ಕೊಂದು ಬಲಕ್ಕೊಂದು ಓರೆ ಗೋಡೆ, ಮೂರರಲ್ಲೂ ಒಂದೊಂದು ಕಿಟಕಿ. ಎಂಜಿನಿಯರುಗಳು ಇದನ್ನು ಬೇ ವಿಂಡೋ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅದು ಕಿಡಕಿಕಟ್ಟಿ, ಅಂದರೆ ಕಿಟಕಿಯ ಕಟ್ಟೆ. ಹೊಳೆದಂಡೆಯ ಊರಾದ್ದರಿಂದ ಮನೆಯನ್ನು ಎತ್ತರದ ಅಡಿಪಾಯದ ಮೇಲೆ ಕಟ್ಟಿದ್ದಾರೆ. ಕಿಡಕಿಕಟ್ಟಿಯಲ್ಲಿ ಕೂತರೆ ಎದುರಿನ ಕಬ್ಬಿನ ಮೇಲಿಂದ ಸೂರ್ಯ ಮುಳುಗುವ ಜಾಗದವರೆಗೂ ಕಾಣುತ್ತದೆ.

ನಾವು ಜೈನರು. ಹೊತ್ತು ಮುಳುಗಿದ ಮೇಲೆ ನನ್ನ ಅತ್ತೆ ಅನ್ನ ಹೋಗಲಿ, ನೀರನ್ನೂ ಮುಟ್ಟುವವರಲ್ಲ. ಸಂಜೆಯಾಗುತ್ತಲೇ ಗಂಡಸರು ಪಡಸಾಲೆಯಲ್ಲಿ ಉಂಡು ಏಳುತ್ತಿದ್ದರು. ಆಮೇಲೆ ಹೆಂಗಸರ ತಾಟುಗಳು ಕಿಡಕಿಕಟ್ಟಿಗೆ ಬರುತ್ತಿದ್ದವು, ಏಕೆಂದರೆ ಒಳಗಿನ ಅಡುಗೆಮನೆಯಿಂದ ಸೂರ್ಯ ಕಾಣುತ್ತಿರಲಿಲ್ಲ. ಎಡಗಡೆ ಅತ್ತೆಯ ಮಣೆ, ಬಲಗಡೆ ನನ್ನದು. ಸೂರ್ಯ ಕಾಣುವತನಕ ಉಣ್ಣುವುದು, ಮರೆಯಾದ ಕೂಡಲೇ ಕೈ ತೊಳೆಯುವುದು. ಬೇಸಿಗೆಯಲ್ಲಿ ಸೂರ್ಯ ನಡುವಿನ ಕಿಟಕಿಯಲ್ಲಿ ಮುಳುಗುತ್ತಿದ್ದ. ಚಳಿಗಾಲದಲ್ಲಿ ಎಡಕ್ಕೆ ಸರಿದು, ಓರೆ ಗೋಡೆಯೂ ನೇರ ಗೋಡೆಯೂ ಕೂಡುವ ಮೂಲೆಯ ಹಿಂದೆ ಹೋಗುತ್ತಿದ್ದ. "ಹೊತ್ತು ಮೂಲಿಗೆ ಹೋತು," ಎನ್ನುತ್ತ ಅತ್ತೆ ತಾಟು ಸರಿಸುತ್ತಿದ್ದರು. ಅವರು ಎದ್ದ ಮೇಲೆ ನಾನೂ ಏಳುತ್ತಿದ್ದೆ.

ಕಳೆದ ಮಳೆಗಾಲ ಹೊಳೆಯ ನೀರು ಆ ಅಡಿಪಾಯವನ್ನೂ ಹತ್ತಿ ನಿಂತಿತು. ಇಳಿದಾಗ ಮುಂದಿನ ಗೋಡೆ ಬಿರಿದಿತ್ತು. ಮಾವ ಆಗಲೇ ತೀರಿಕೊಂಡಿದ್ದರು. ನಾವು ಮೂವರೂ, ಅಂದರೆ ಅತ್ತೆ, ಗಂಡ ಮತ್ತು ನಾನು, ರಾಯಬಾಗದಲ್ಲಿ ಬಾಡಿಗೆ ಮನೆ ಹಿಡಿದೆವು. ನಾನು ಅಲ್ಲಿನ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಗಂಡ ಬೆಳಿಗ್ಗೆ ಮೋಟರ್‌ಸೈಕಲ್ ಹತ್ತಿ ಉಗಾರಕ್ಕೆ ಹೋಗಿ ಹೊಲ ನೋಡಿಕೊಂಡು ಬರುತ್ತಾರೆ.

ಇಲ್ಲಿ ಒಂದು ಮಾತು ಹೇಳಬೇಕು. ಹಳೆಯ ಮನೆಯಲ್ಲಿದ್ದಾಗ ಅತ್ತೆಗೆ ಚಳಿಗಾಲದ ಸಂಜೆಗಳಲ್ಲಿ ತಲೆ ತಿರುಗುತ್ತಿತ್ತು. ಅವರಿಗೆ ಸಕ್ಕರೆ ಕಾಯಿಲೆ ಇದೆ. ಒಮ್ಮೆ ಬಚ್ಚಲ ಬಾಗಿಲಲ್ಲೇ ಬಿದ್ದಿದ್ದರು. ಅಥಣಿಯ ಡಾಕ್ಟರು ಸಂಜೆಯ ಗುಳಿಗೆಯನ್ನು ಹೊಟ್ಟೆ ತುಂಬ ಉಂಡೇ ತೆಗೆದುಕೊಳ್ಳಬೇಕು, ಅರೆಹೊಟ್ಟೆಯಲ್ಲಿ ನುಂಗಿದರೆ ಇನ್ನೊಮ್ಮೆ ಬಿದ್ದವರು ಏಳಲಿಕ್ಕಿಲ್ಲ ಎಂದು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಅತ್ತೆಯನ್ನು ಕೇಳಿದರೆ, ತಾನು ಹೊಟ್ಟೆ ತುಂಬಾನೇ ಉಣ್ಣುವುದು ಎಂದರು. ರಾಯಬಾಗದ ಬಾಡಿಗೆ ಮನೆಯಲ್ಲಿ ಸೂರ್ಯ ಕಾಣುವ ಕಿಟಕಿ ಇಲ್ಲ. ನನ್ನ ಗಂಡ ಮೊಬೈಲಿನಲ್ಲಿ ಸೂರ್ಯಾಸ್ತದ ಸಮಯ ನೋಡಿ ಹೇಳುತ್ತಾರೆ, ಅತ್ತೆ ಅದನ್ನು "ಮೊಬೈಲ್ ಹೊತ್ತು" ಎಂದು ಹಂಗಿಸುತ್ತಲೇ ಉಣ್ಣುತ್ತಾರೆ. ಈ ಚಳಿಗಾಲದಲ್ಲಿ ಅವರಿಗೆ ಒಮ್ಮೆಯೂ ತಲೆ ತಿರುಗಲಿಲ್ಲ. ಡಾಕ್ಟರು ಈಚೆಗೆ ಬದಲಿಸಿಕೊಟ್ಟ ಗುಳಿಗೆಯ ಗುಣ ಎಂದು ನಾವೆಲ್ಲ ಸಮಾಧಾನಪಟ್ಟೆವು.

ಬರುವ ಮಳೆಗಾಲಕ್ಕೆ ಮುಂಚೆ ಹಳೆಯ ಮನೆ ಕೆಡವಿ ಅದೇ ಜಾಗದಲ್ಲಿ ಹೊಸದು ಕಟ್ಟುವುದೆಂದು ನಿಶ್ಚಯವಾಯಿತು. ಚಿಕ್ಕೋಡಿಯ ಎಂಜಿನಿಯರ್ ಒಬ್ಬರು ಚೌಕಾಕಾರದ ನಕ್ಷೆ ಕಳಿಸಿದರು. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕೆಳಗಿಟ್ಟರು.

"ಮನಿ ಹ್ಯಾಂಗರ ಕಟ್ರಿ. ಕಿಡಕಿಕಟ್ಟಿ ಮಾತ್ರ ಇದ್ದಂಗ ಇರಬೇಕು. ಒಂದ ಬೆರಳು ಆಕಡೆ ಈಕಡೆ ಆಗಬಾರದು."

"ಅವ್ವಾ, ಅದು ಖೋಲಿನೂ ಅಲ್ಲ, ಕಟ್ಟಿನೂ ಅಲ್ಲ. ಎಂಜಿನಿಯರ್ ನಗತಾನ," ಎಂದರು ನನ್ನ ಗಂಡ.

"ನಗಲಿ. ಅವನ ಹಲ್ಲೇನು ಸವೀತಾವು?"

ಎಂಜಿನಿಯರ್ ನಗಲಿಲ್ಲ, ಆದರೆ ಓರೆ ಗೋಡೆ ಎಂದರೆ ತಲೆನೋವು, ಅಳತೆಯನ್ನು ನೀವೇ ಬರೋಬರಿ ಮಾಡಿ ಕೊಟ್ಟರೆ ಹಾಗೇ ಕಟ್ಟಿಸುತ್ತೇನೆ ಎಂದರು. ಹೀಗೆ ಆ ಕೆಲಸ ನನ್ನ ಪಾಲಿಗೆ ಬಂತು. ಮನೆಯ ನಕ್ಷೆ ಎಳೆಯುವ ಒಂದು ಸಾಫ್ಟ್‌ವೇರನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ. ಗೋಡೆಗಳನ್ನು ಗೆರೆಯಂತೆ ಎಳೆದರೆ ಸಾಕು, ಪಕ್ಕದಲ್ಲೇ ಮನೆ ಎದ್ದು ನಿಲ್ಲುತ್ತದೆ. ಒಳಗೆ ಹೊಕ್ಕು ಎಲ್ಲಿ ಬೇಕಾದರೂ ನಿಂತು ನೋಡಬಹುದು.

ಮೊದಲ ನಕ್ಷೆಯನ್ನು ನಾನು ನೆನಪಿನಿಂದ ಎಳೆದೆ. ಆ ಕಟ್ಟೆಯಲ್ಲಿ ವರ್ಷಗಟ್ಟಲೆ ಉಂಡವಳು, ಕಬ್ಬು ಕಡಿಯುವ ಹಂಗಾಮಿನಲ್ಲಿ ಅಲ್ಲೇ ಕೂತು ಪರೀಕ್ಷೆಯ ಉತ್ತರಪತ್ರಿಕೆ ತಿದ್ದಿದವಳು. ಅಳೆಯಲು ಏನಿದೆ ಅನ್ನಿಸಿತ್ತು. ಎರಡೂ ಬದಿಗೆ ನಲವತ್ತೈದು ಡಿಗ್ರಿಯ ಸಮನಾದ ಓರೆ ಗೋಡೆಗಳು. ನಾನು ಸ್ವಲ್ಪ ಅಲುಗಿಸಿದರೂ ಸಾಫ್ಟ್‌ವೇರ್ ತಾನಾಗಿ ಗೆರೆಯನ್ನು ಎಳೆದು ನಲವತ್ತೈದಕ್ಕೇ ಕೂರಿಸುತ್ತಿತ್ತು, ನನ್ನ ನೆನಪಿಗೆ ಅದೂ ಸಾಕ್ಷಿ ಹೇಳುತ್ತಿರುವಂತೆ. ನಕ್ಷೆಗೆ ಮಾಡು ಹಾಕುವ ಮೊದಲು, ಗಂಡ ಹೊಲದಿಂದ ಬರುವಾಗ ಅಳೆದು ತಂದ ಮೂರು ಗೋಡೆಗಳ ಉದ್ದವನ್ನು ತುಂಬಿದೆ. ಗೋಡೆಗಳು ಕೂಡಲಿಲ್ಲ. ಎಡಗಡೆ ಒಬ್ಬರು ಓರೆಯಾಗಿ ನುಸುಳಬಹುದಾದಷ್ಟು ಸಂದಿ ಬಿತ್ತು.

"ಇತಿಹಾಸದಾಕಿಗೆ ಗಣಿತ ಯಾಕ ಬೇಕಾಗಿತ್ತು?" ಎಂದರು ಗಂಡ. ಅವರೇ ಟೇಪು ಸಡಿಲಾಗಿ ಹಿಡಿದದ್ದು ಎಂದು ನಾನು ದೂರಿದೆ. ಅವರೂ ನನ್ನ ಹಾಗೆಯೇ ಎರಡೂ ಓರೆ ಗೋಡೆಗಳು ಸಮ ಎಂದು ಆಣೆ ಮಾಡುವಷ್ಟು ಖಚಿತವಾಗಿದ್ದರು. ಆ ಮನೆಯಲ್ಲೇ ಹುಟ್ಟಿದವರು ಅವರು.

ಭಾನುವಾರ ಇಬ್ಬರೂ ಉಗಾರಕ್ಕೆ ಹೋದೆವು. ಅಷ್ಟರಲ್ಲಿ ನಾನು ಒಂದಿಷ್ಟು ಕಲಿತಿದ್ದೆ. ಓರೆ ಗೋಡೆಯ ಕೋನವನ್ನು ಅಳೆಯಲು ಹೋಗಬಾರದು. ಹಳೆಯ ಗೋಡೆಯ ಗಾರೆ ಉಬ್ಬುತಗ್ಗಾಗಿರುತ್ತದೆ, ಯಾವ ಕೋನಮಾಪಕವೂ ಅಲ್ಲಿ ನೆಟ್ಟಗೆ ಕೂರುವುದಿಲ್ಲ. ಅದರ ಬದಲು ಮನೆಯ ಮುಂದಿನ ಗೋಡೆಯ ಮೇಲೆ, ಕಿಡಕಿಕಟ್ಟಿಯ ಎಡಕ್ಕೊಂದು ಬಲಕ್ಕೊಂದು ಗುರುತು ಹಾಕಿಕೊಂಡು, ಪ್ರತಿ ಮೂಲೆಗೂ ಆ ಎರಡೂ ಗುರುತುಗಳಿಂದ ಇರುವ ದೂರವನ್ನು ಅಳೆಯಬೇಕು. ಎರಡು ದೂರಗಳು ಸಿಕ್ಕರೆ ಮೂಲೆ ಎಲ್ಲಿದೆ ಎಂಬುದು ತಾನಾಗಿ ಸಿಗುತ್ತದೆ, ಮೂಲೆಗಳು ಸಿಕ್ಕರೆ ಕೋನ ತಾನಾಗಿ ಬರುತ್ತದೆ. ಇನ್ನೊಂದು, ಈ ಸಾಫ್ಟ್‌ವೇರ್ ಗೋಡೆಯ ದಪ್ಪದ ನಟ್ಟನಡುವಿನ ಗೆರೆಯನ್ನು ಲೆಕ್ಕಕ್ಕೆ ಹಿಡಿಯುತ್ತದೆ, ನಾವು ಅಳೆದದ್ದು ಒಳಮೈಯನ್ನು. ಮೊಳದಷ್ಟು ದಪ್ಪದ ಕಲ್ಲುಗೋಡೆಯಲ್ಲಿ ಆ ವ್ಯತ್ಯಾಸ ಸಣ್ಣದಲ್ಲ.

ಗಂಡ ಟೇಪಿನ ತುದಿ ಹಿಡಿದು ನಿಂತರು, ನಾನು ಓದಿ ಬರೆದುಕೊಂಡೆ. ಅಲ್ಲೇ ಕಟ್ಟೆಯ ಮೇಲೆ ಕೂತು, ಲ್ಯಾಪ್‌ಟಾಪು ತೆರೆದು, ಮೂಲೆಗಳನ್ನು ಒಂದೊಂದಾಗಿ ಇಟ್ಟೆ. ಈ ಸಲ ಗೋಡೆಗಳು ಕೂಡಿದವು. ಕೂಡಿ, ನಾನು ಎಂದೂ ನೋಡಿರದ ಒಂದು ಆಕಾರವಾಯಿತು.

ಎಡದ ಓರೆ ಗೋಡೆ ಉದ್ದ, ಬಲದ್ದು ಗಿಡ್ಡ. ಎಡದ್ದು ಸಾವಕಾಶವಾಗಿ ಓರೆಯಾಗುತ್ತ ಬಂದು, ಅದರ ಮೂಲೆ ಕಟ್ಟೆಯ ನಡುವಿನ ಹತ್ತಿರಕ್ಕೇ ಸರಿದುಬಿಟ್ಟಿತ್ತು. ಬಲದ್ದು ಚಟ್ಟನೆ ತಿರುಗಿತ್ತು. ಸೊಟ್ಟ ಮೂತಿಯಂಥ ಆಕಾರ. ನಾನು ತಲೆ ಎತ್ತಿ ನಿಜವಾದ ಗೋಡೆಗಳನ್ನು ನೋಡಿದೆ. ಸೊಟ್ಟವಾಗಿಯೇ ಇದ್ದವು. ಯಾರಿಗಾದರೂ ಕಾಣುವಷ್ಟು ಸೊಟ್ಟ. ಗಂಡ ಎದ್ದು ಹೊರಗೆ ಹೋಗಿ, ರಸ್ತೆಯಲ್ಲಿ ನಿಂತು ನೋಡಿ ಒಳಗೆ ಬಂದರು. ರಾಯಬಾಗಕ್ಕೆ ಮರಳಿದ ಮೇಲೆ ಮದುವೆಯ ಫೋಟೋ ತೆಗೆದು ನೋಡಿದೆವು. ನಮ್ಮಿಬ್ಬರ ಬೆನ್ನ ಹಿಂದೆ ಆ ಸೊಟ್ಟ ಕಟ್ಟೆ ಸ್ಪಷ್ಟವಾಗಿ ನಿಂತಿತ್ತು. ಗೋಡೆಗೆ ತೂಗುಹಾಕಿದ ಫೋಟೋ ಅದು, ದಿನಾ ನೋಡುವಂಥದ್ದು. ಕಬ್ಬಿನ ಗಾಡಿಗಳು ತಿರುಗಲು ಜಾಗ ಸಾಲದೆ ಎಡಭಾಗವನ್ನು ಹಾಗೆ ಕತ್ತರಿಸಿ ಕಟ್ಟಿದ್ದು ಎಂದು ಅತ್ತೆ ಹೇಳಿದರು. ಅವರಿಗೆ ಅದರಲ್ಲಿ ಆಶ್ಚರ್ಯದ ವಿಷಯವೇ ಇರಲಿಲ್ಲ.

ನನಗೆ ಅದರ ಅರ್ಥ ಹೊಳೆದದ್ದು ಅದಾಗಿ ಕೆಲವು ದಿನಗಳ ಮೇಲೆ, ಕಾಲೇಜಿನ ಬಿಡುವಿನಲ್ಲಿ. ಆ ಸಾಫ್ಟ್‌ವೇರಿನಲ್ಲಿ ಊರು, ತಿಂಗಳು, ಸಮಯ ಕೊಟ್ಟರೆ ಬಿಸಿಲು ಎಲ್ಲಿ ಬೀಳುತ್ತದೆ ಎಂಬುದನ್ನು ತೋರಿಸುತ್ತದೆ. ಹೊಸ ಮನೆಯ ಪಡಸಾಲೆಗೆ ನೆರಳು ಎಷ್ಟು ಸಿಗುತ್ತದೆಂದು ನೋಡುತ್ತಿದ್ದೆ. ಸುಮ್ಮನೆ, ಆಟಕ್ಕೆಂಬಂತೆ, ತಿಂಗಳನ್ನು ಚಳಿಗಾಲಕ್ಕೆ ತಿರುಗಿಸಿ, ಅತ್ತೆಯ ಮಣೆಯ ಜಾಗದಲ್ಲಿ, ಕೂತವರ ಕಣ್ಣಿನ ಎತ್ತರದಲ್ಲಿ ನಿಂತೆ. ಗಡಿಯಾರವನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದೆ. ಎಡಗಡೆಯ ಕಿಟಕಿಯಲ್ಲಿ ಸೂರ್ಯ ಬಂದ, ಇಳಿಯುತ್ತ ಬಲಕ್ಕೆ ಸರಿದ, ಮೂಲೆಯ ಹಿಂದೆ ಹೋದ. ನಾನು ಗಡಿಯಾರವನ್ನು ನೋಡಿದೆ. ಸೂರ್ಯಾಸ್ತಕ್ಕೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಪರದೆಯ ಮೇಲೆ ಹೊರಗಿನ ರಸ್ತೆ ಬಿಸಿಲಿನಲ್ಲಿ ಹೊಳೆಯುತ್ತಿತ್ತು.

ಸೂರ್ಯ ಅಲ್ಲಿ ಮುಳುಗುತ್ತಿರಲಿಲ್ಲ. ಬರೀ ಗೋಡೆಯ ಹಿಂದೆ ಹೋಗುತ್ತಿದ್ದ. ಮೂಲೆಯ ದಪ್ಪ ಕಲ್ಲು ಅವನನ್ನು ಕೊನೆಯತನಕ ಮುಚ್ಚಿಟ್ಟುಕೊಳ್ಳುತ್ತಿತ್ತು, ಆಚೆಬದಿಯ ಕಿಟಕಿಗೆ ಬರಗೊಡುತ್ತಿರಲಿಲ್ಲ. ನನ್ನ ಮೊದಲಿನ ತಪ್ಪು ನಕ್ಷೆಯನ್ನು ತೆರೆದು ಅದೇ ಜಾಗದಲ್ಲಿ ನಿಂತು ನೋಡಿದೆ. ಆ ಸಮನಾದ ಸುಂದರ ಕಟ್ಟೆಯಲ್ಲಿ ಸೂರ್ಯ ಕಡೆಯ ಗಳಿಗೆಯವರೆಗೂ ಕಾಣುತ್ತಿದ್ದ. ನಿಜವಾದದ್ದರಲ್ಲಿ ಕಾಣುತ್ತಿರಲಿಲ್ಲ. ಚಳಿಗಾಲದುದ್ದಕ್ಕೂ ಅತ್ತೆ ಹಾಡುಹಗಲಿನಲ್ಲಿ, ಅರೆಹೊಟ್ಟೆಯಲ್ಲಿ, ತಾಟು ಸರಿಸಿ ಎದ್ದು ಗುಳಿಗೆ ನುಂಗುತ್ತಿದ್ದರು. ಈಗ ಅದೇ ಮೂಲೆಯನ್ನು ಒಂದು ಬೆರಳೂ ಕದಲದಂತೆ ಕಟ್ಟಿಸಿಕೊಡಿ ಎಂದು ಕೇಳಿದ್ದರು, ನಾನು ಕರಾರುವಾಕ್ಕಾಗಿ ಎಳೆದು ಮುಗಿಸಿದ್ದೆ.

ಆಮೇಲೆ ಮಾಡಿದ್ದನ್ನು ಮಾಡಬೇಕಿತ್ತೋ ಇಲ್ಲವೋ ತಿಳಿಯದು. ಪರದೆಯ ಮೇಲೆ ನನ್ನ ಮಣೆಯ ಜಾಗಕ್ಕೆ, ಬಲಗಡೆಗೆ, ಸರಿದು ನಿಂತೆ. ಅಲ್ಲಿಂದ ಅದೇ ಸಂಜೆ, ಅದೇ ಸೂರ್ಯ, ನಡುವಿನ ಕಿಟಕಿಯಲ್ಲಿ ಪೂರ್ತಿ ಕಾಣುತ್ತಿದ್ದ. ಕೊನೆಯ ಚೂರಿನವರೆಗೂ.

ಹಾಗಿದ್ದರೆ ಅಷ್ಟು ಚಳಿಗಾಲ ನಾನು ಏನು ನೋಡಿದೆ? "ಹೊತ್ತು ಮೂಲಿಗೆ ಹೋತು" ಎಂದು ಅತ್ತೆ ಅಂದಾಗ ಸೂರ್ಯ ಮೂಲೆಗೆ ಹೋಗುವುದನ್ನು ನಾನೂ ಕಂಡ ನೆನಪಿದೆ. ಕಲ್ಲಿನ ಅಂಚು ಕೆಂಪಾಗುವುದು ಕೂಡ. ಆದರೆ ನಾನು ಕೂತ ಜಾಗದಿಂದ ಅದು ಕಾಣಲು ಸಾಧ್ಯವೇ ಇರಲಿಲ್ಲ. ಅತ್ತೆಯ ಮಾತನ್ನು ಕೇಳಿ ಕೇಳಿ ಆ ಚಿತ್ರವನ್ನು ನಾನೇ ಕಟ್ಟಿಕೊಂಡಿರಬೇಕು. ಅಥವಾ ನಾನು ಸೂರ್ಯನನ್ನು ನೋಡುತ್ತಲೇ ಇರಲಿಲ್ಲ, ಅತ್ತೆಯ ಕೈಯನ್ನು ನೋಡುತ್ತಿದ್ದೆ. ಮೂರನೆಯದೂ ಒಂದು ಇರಬಹುದು, ಕಂಡೂ ಸುಮ್ಮನಿದ್ದೆ ಎಂಬುದು. ಆಗಲೂ ದಿನಚರಿ ಬರೆಯುತ್ತಿದ್ದೆ. ಅದರಲ್ಲಿ ಊಟದ ಬಗ್ಗೆ ಒಂದು ಸಾಲೂ ಇಲ್ಲ.

ಮರುದಿನ ಸಂಜೆ ಗಂಡನಿಗೆ ಹೇಳಿದೆ. ಅವರು ನನ್ನ ಕೈಯಿಂದ ಲ್ಯಾಪ್‌ಟಾಪು ಕಸಿದು ಗಡಿಯಾರವನ್ನು ತಾವೇ ಹಿಂದೆ ಮುಂದೆ ಎಳೆದಾಡಿದರು. ಪಡಸಾಲೆಯಲ್ಲಿ ತಾವೂ ಅಪ್ಪನೂ ಗೋಡೆಯ ಗಡಿಯಾರ ನೋಡಿ ಉಂಡವರು ಎಂದು ಮೆಲ್ಲಗೆ ಹೇಳಿದರು. ಆಮೇಲೆ ಅವ್ವನನ್ನು ಕರೆದರು.

ಅತ್ತೆ ಕನ್ನಡಕ ಹಾಕಿಕೊಂಡು ನನ್ನ ಪಕ್ಕ ಕೂತರು.

"ಇದು ನಮ್ಮ ಮನಿ ಏನ? ಬಣ್ಣ ಹಚ್ಚಿದ ಕಡ್ಡಿಪೆಟ್ಟಿಗಿ ಇದ್ದಂಗ ಐತಿ," ಎಂದರು. ಆದರೆ ಒಳಗೆ ಕರೆದುಕೊಂಡು ಹೋಗಿ ಅವರ ಮಣೆಯ ಜಾಗದಲ್ಲಿ ನಿಲ್ಲಿಸಿದಾಗ ಕನ್ನಡಕ ಸರಿಪಡಿಸಿಕೊಂಡರು. ಬಾಗಿ ನೋಡಿದರು. ನಾನು ಗಡಿಯಾರ ಸರಿಸಿದೆ, ಸೂರ್ಯ ಕಿಟಕಿ ದಾಟಿ ಮರೆಯಾದ.

"ಹೋತು ಮೂಲಿಗೆ. ಕೈ ತೊಳಿ ಇನ್ನ," ಎಂದರು ತಮಗೆ ತಾವೇ ಎಂಬಂತೆ.

ಸೂರ್ಯಾಸ್ತಕ್ಕೆ ಇನ್ನೂ ಹೊತ್ತಿದೆ ಎಂದು ನಾನು ಗಡಿಯಾರ ತೋರಿಸಿದೆ. ಹೊರಗಿನ ಬಿಸಿಲು ತೋರಿಸಿದೆ. ಆಮೇಲೆ ನನ್ನ ಜಾಗಕ್ಕೆ ಸರಿದು ಅಲ್ಲಿಂದ ಸೂರ್ಯನನ್ನೂ ತೋರಿಸಿದೆ. ಅತ್ತೆ ಪರದೆಯನ್ನಲ್ಲ, ನನ್ನನ್ನು ನೋಡಿದರು.

"ಇದು ನಿನ್ನ ಜಾಗಾ ಅಲ್ಲ? ನಿನಗ ಕಾಣತಿತ್ತೇನ?"

"ನೆನಪಿಲ್ರಿ ಅತ್ತಿ. ಖರೇನ ನೆನಪಿಲ್ಲ."

ಅವರು ತಲೆಯಾಡಿಸಿದರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

"ನನಗ ಕಾಣತಿತ್ತು," ಎಂದರು. "ನಾ ಸೊಸಿ ಇದ್ದಾಗ ಅದ ಜಾಗಾ ನಂದು. ನಮ್ಮತ್ತಿ ತಾಟ ಸರಿಸಿ ಏಳತಿದ್ಲು. ನನ್ನ ಮಾರಿ ಮ್ಯಾಲ ಇನ್ನೂ ಬಿಸಿಲಿರತಿತ್ತು."

ಗಂಡ ಕುರ್ಚಿಯಿಂದ ಅರ್ಧ ಎದ್ದರು. "ಹೇಳಬೇಕಿಲ್ಲಬೇ ಆಗ?"

"ಯಾರಿಗೆ? ಅತ್ತಿ ಕೈ ತೊಳದ ಮ್ಯಾಲ ಇನ್ನೂ ಹೊತ್ತೈತಿ ಅಂದ್ರ, ಹೊಟ್ಟಿಬಾಕ ಸೊಸಿ ಬಂದಾಳ ಅಂತಿದ್ರು."

ಇಷ್ಟು ವರ್ಷ ನಾನು ತಿಳಿದಿದ್ದ ಅತ್ತೆ ಒಂದು ಮಾತಿನಲ್ಲಿ ಬೇರೆಯೇ ಆಗಿಬಿಟ್ಟರು. ಅವರು ಮೋಸಹೋದವರಲ್ಲ, ತಿಳಿದವರು. ತಿಳಿದೂ ಆ ಎಡಗಡೆಯ ಮಣೆಗೆ ಹೋಗಿ ಕೂತವರು. ತಮ್ಮ ಅತ್ತೆ ತೀರಿದ ಮೇಲಾದರೂ ಹೊಟ್ಟೆ ತುಂಬ ಯಾಕೆ ಉಣ್ಣಲಿಲ್ಲ ಎಂದು ಕೇಳಿದೆ.

"ಅಕಿ ಅಲ್ಲಿ ಕುಂತು ಅಷ್ಟ ಉಂಡ್ಲು. ಕಣ್ಣಾರ ನೋಡಿದಾಕಿ ನಾ. ಅದ ಮಣಿ ಮ್ಯಾಲ ಕುಂತು ಹೆಚ್ಚಿಗಿ ಹ್ಯಾಂಗ ಉಣ್ಣಲಿ?"

ಹೀಗೆಂದು ಅತ್ತೆ ಒಳಗೆ ಹೋದರು. ನಾವಿಬ್ಬರೂ ಪರದೆಯ ಮುಂದೆ ಕೂತೇ ಇದ್ದೆವು. ಅದರಲ್ಲಿ ಸೂರ್ಯ ಮುಳುಗದೆ ನಿಂತಿದ್ದ, ನಾನು ಗಡಿಯಾರವನ್ನು ಅಲ್ಲೇ ಬಿಟ್ಟಿದ್ದೆ.

ತಮಗೆ ಕಾಣುತ್ತಿತ್ತು ಎಂಬ ಅತ್ತೆಯ ಮಾತನ್ನು ನಾನು ಈಗಲೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಿದ್ದೇನೆ. ಕೇಳುವವರು ಕೇಳುವ ರೀತಿಯಲ್ಲೇ ಹೇಳುವವರ ನೆನಪು ಹೊರಳುತ್ತದೆ ಎಂದು ತರಗತಿಯಲ್ಲಿ ಹೇಳುವವಳು ನಾನು. ಅತ್ತೆಗೆ ಇದೆಲ್ಲ ಮೊದಲೇ ತಿಳಿದಿತ್ತೋ, ಅಥವಾ ನಾನು ತೋರಿಸಿದ ಮೇಲೆ ಹುಟ್ಟಿಕೊಂಡ ನೆನಪೋ? ಮುಖದ ಮೇಲಿನ ಬಿಸಿಲನ್ನು ಯಾರೂ ಕಟ್ಟಿ ಹೇಳಲಾರರು ಎಂದು ಒಮ್ಮೆ ಅನ್ನಿಸುತ್ತದೆ. ಮರುಕ್ಷಣ ನಾನು ಕಂಡೆನೆಂದುಕೊಂಡ ಕಲ್ಲಿನ ಕೆಂಪು ಅಂಚು ನೆನಪಾಗುತ್ತದೆ, ಅದೂ ಅಷ್ಟೇ ನಿಚ್ಚಳವಾಗಿತ್ತು. ಯುಗಾದಿ ಕಳೆದ ಮೇಲೆ ಒಂದು ಸಂಜೆ ಒಬ್ಬಳೇ ಉಗಾರಕ್ಕೆ ಹೋಗಿ ಆ ಕಟ್ಟೆಯಲ್ಲಿ ಕೂತೆ. ಮೊದಲು ನನ್ನ ಜಾಗದಲ್ಲಿ, ಆಮೇಲೆ ಅತ್ತೆಯದರಲ್ಲಿ. ಬೇಸಿಗೆಯ ಸೂರ್ಯ ನಡುವಿನ ಕಿಟಕಿಯಲ್ಲಿ ಇಳಿದ, ಎರಡೂ ಕಡೆಯಿಂದ ಕಂಡ. ಅದರಿಂದ ಏನೂ ಸಾಬೀತಾಗಲಿಲ್ಲ. ಚಳಿಗಾಲದಲ್ಲಿ ಬಂದು ನೋಡೋಣವೆಂದರೆ ಆಗ ಆ ಮನೆ ಇರುವುದಿಲ್ಲ.

ಎಂಜಿನಿಯರ್ ಫೋನಿನ ಮೇಲೆ ಫೋನು ಮಾಡತೊಡಗಿದರು. ನಾನು ಎರಡು ನಕ್ಷೆ ಸಿದ್ಧ ಮಾಡಿದೆ, ಒಂದು ಇದ್ದ ಹಾಗೆ ಸೊಟ್ಟಗಿನದು, ಇನ್ನೊಂದು ಎಡಮೂಲೆಯನ್ನು ಸರಿಪಡಿಸಿದ್ದು. ಎರಡನ್ನೂ ಅತ್ತೆಯ ಮುಂದಿಟ್ಟೆ. ಅವರು ಸೊಟ್ಟಗಿನದರ ಮೇಲೆ ಬೆರಳಿಟ್ಟರು. ಇಷ್ಟಾದ ಮೇಲೂ, ಡಾಕ್ಟರು ಹಾಗೆ ಹೇಳಿದ ಮೇಲೂ, ಮತ್ತೆ ಅದೇ ಮೂಲೆ. ಗಂಡ ಸಿಟ್ಟಿಗೆದ್ದು ಏನೋ ಹೇಳಹೊರಟರು, ಅತ್ತೆ ಕೈ ಎತ್ತಿ ತಡೆದರು.

"ಮೂಲಿ ಇದ್ದಂಗ ಇರ್ಲಿ. ನನ್ನ ಮಣಿ ನಿನ್ನ ಕಡೆ ಹಾಕು."

"ಮತ್ತ ನಾ ಎಲ್ಲಿ ಕೂಡ್ಲಿರಿ?"

"ಬಾಜೂಕ. ಇಲ್ಲಾ ನಿನಗ ಅತ್ತಿಸ್ಥಾನ ಈಗ ಬೇಕಾಗೇತೇನ?"

ನಾನು ನಕ್ಕೆ. ಅತ್ತೆ ನಗಲಿಲ್ಲ. ಇಷ್ಟು ದಿನ ಗೋಡೆಯನ್ನೇ ಅಳೆದ ನನಗೆ ಮಣೆಯನ್ನು ಸರಿಸಬಹುದೆಂದು ಹೊಳೆದೇ ಇರಲಿಲ್ಲ. ಆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲವೋ, ಹೊಳೆದವರು ಬಾಯಿ ಬಿಟ್ಟಿರಲಿಲ್ಲವೋ.

ಬಲಗಡೆಯ ಓರೆ ಗೋಡೆ ಗಿಡ್ಡ, ಅದರ ಬಳಿ ಇಬ್ಬರು ಒತ್ತಿಕೊಂಡು ಕೂರುವಷ್ಟೇ ಜಾಗ. ಸಂದೇಹ ಬೇಡವೆಂದು ಎರಡೂ ಮಣೆಗಳನ್ನು ಅಳೆದು, ನಕ್ಷೆಯಲ್ಲಿ ಅಷ್ಟೇ ಅಳತೆಯ ಎರಡು ಚೌಕಗಳನ್ನು ಪಕ್ಕಪಕ್ಕ ಇಟ್ಟು, ಪ್ರತಿಯೊಂದರ ಮೇಲೂ ನಿಂತು ಚಳಿಗಾಲದ ಸೂರ್ಯನನ್ನು ಮುಳುಗಿಸಿ ನೋಡಿದೆ. ಎರಡರಿಂದಲೂ ಕಂಡ. ಅಳಿಸುವುದು ಮರೆತು ನಕ್ಷೆಯನ್ನು ಹಾಗೇ ಚಿಕ್ಕೋಡಿಗೆ ಕಳಿಸಿಬಿಟ್ಟೆ. ಎಂಜಿನಿಯರ್ ಫೋನು ಮಾಡಿ, ಎಡಗಡೆ ಜಾಗ ಖಾಲಿ ಇರುವಾಗ ಬಲಗಡೆ ಒಂದರ ಪಕ್ಕ ಒಂದು ಇದೇನು, ಪಿಲ್ಲರೋ ಎಂದು ಕೇಳಿದರು. ಅಲ್ಲ, ಮಣೆಗಳು ಎಂದೆ.

"ಮಣಿಗೂಳ ಅಳತಿ ನನಗ್ಯಾಕ್ರಿ ಮೇಡಂ? ಎಲ್ಲಿ ಬೇಕಲ್ಲಿ ಹಾಕ್ಕೊಂಡು ಕುಂದರಬಹುದಲ್ರಿ."

"ಹೌದ್ರಿ," ಎಂದೆ. "ಕುಂದರಬಹುದಾಗಿತ್ತು."